ಬರುವಾಗ ಮೂರೂಕಾಲು ಗಂಟೆ, ಹೋಗುವಾಗ ನಾಲ್ಕು!

ನಾವು ದುಬೈಯಿಂದ ಊರಿಗೆ ಬಂದಿಳಿದಾಗಲೂ, ರಜೆ ಮುಗಿಸಿ ಮರಳಿ ದುಬೈ ತಲುಪಿ ಫೋನ್ ಮಾಡಿದಾಗಲೂ ಅಮ್ಮ ಮೊದಲು ನೋಡುವುದು ಗೋಡೆ ಗಡಿಯಾರ. ಬ್ರಹ್ಮಾವರದ ಹತ್ತಿರದ ನಮ್ಮ ಮನೆಯಲ್ಲಿ ಆ ಗಡಿಯಾರದ ಕೆಳಗೇ ಒಂದು ಕ್ಯಾಲೆಂಡರ್ ಇದೆ. ಯಾವ ದಿನ ಎಷ್ಟು ಹೊತ್ತಿಗೆ ವಿಮಾನ ಹೊರಟಿತು, ಎಷ್ಟು ಹೊತ್ತಿಗೆ ಇಳಿಯಿತು ಎಂದು ಅದರಲ್ಲಿ ಬರೆದಿಡುವುದು ಅವರ ಅಭ್ಯಾಸ. ಎರಡು ದೇಶಗಳ ನಡುವಿನ ಒಂದೂವರೆ ಗಂಟೆಯ ವ್ಯತ್ಯಾಸವನ್ನು ಕೂಡಿಸಿ ಕಳೆದು ಸರಿಯಾಗಿಯೇ ಲೆಕ್ಕ ಹಾಕುತ್ತಾರೆ. ಹಾಗೆ ಹಾಕಿದ ಮೇಲೆ ಒಂದು ದಿನ ಕೇಳಿದರು: "ಬರುವಾಗ ಮೂರೂಕಾಲು ಗಂಟೆ, ಹೋಗುವಾಗ ನಾಲ್ಕು ಗಂಟೆ ಹತ್ತಿರ. ದಾರಿಯೂ ಅದೇ, ವಿಮಾನವೂ ಅದೇ. ಅದೆಂತದು ಮಗ?"

ನಾವು ಉತ್ತರ ಹುಡುಕುವಷ್ಟರಲ್ಲಿ ಅವರೇ ಹೇಳಿಬಿಟ್ಟರು: "ಊರು ಬಿಟ್ಟು ಹೋಗುವಾಗ ವಿಮಾನಕ್ಕೂ ಕಾಲು ಬರುವುದಿಲ್ಲ ಕಾಣುತ್ತದೆ."

ಬಿಕಾಂ, ಸಿಎ ಓದಿ ಇಪ್ಪತ್ತು ವರ್ಷ ಇನ್ನೊಬ್ಬರ ಜಮಾ-ಖರ್ಚು ತಾಳೆ ಮಾಡಿದ ನಮಗೆ ಈ ತಾಳೆಯಾಗದ ಮುಕ್ಕಾಲು ಗಂಟೆ ತಲೆಗೆ ಹತ್ತಿತು. ವಿಮಾನದ ಹಾದಿಯನ್ನೂ ಸಮಯವನ್ನೂ ಅರ್ಧ ಇಂಧನ ನಿರ್ಧರಿಸಿದರೆ ಇನ್ನರ್ಧ ಗಾಳಿ ನಿರ್ಧರಿಸುತ್ತದೆ ಎಂದು ಆಗ ತಿಳಿಯಿತು. ಊರಲ್ಲಿ ಕುಳಿತು ಮೊಬೈಲಿನಲ್ಲಿ ಪುಟ್ಟ ಹಳದಿ ವಿಮಾನದ ಚಿತ್ರ ನೋಡುತ್ತಾ ಕಾಯುವ ಅಪ್ಪ, ಅಮ್ಮ, ಹೆಂಡತಿ, ಮಕ್ಕಳಿಗೂ ಇದು ತಿಳಿದಿದ್ದರೆ ಒಂದಿಷ್ಟು ಆತಂಕ ಕಡಿಮೆಯಾದೀತು.

ಮೊದಲಿಗೆ ಒಂದು ಮಾತು. ವಿಮಾನ ಓಡುವುದು ನೆಲದ ಮೇಲಲ್ಲ, ಗಾಳಿಯೊಳಗೆ. ಅದರ ರೆಕ್ಕೆಗೆ ಗೊತ್ತಿರುವುದು ಸುತ್ತಲಿನ ಗಾಳಿಯ ಲೆಕ್ಕದಲ್ಲಿ ತಾನೆಷ್ಟು ವೇಗ ಎಂಬುದು ಮಾತ್ರ. ಆ ಗಾಳಿಯೇ ಇಡಿಯಾಗಿ ಪೂರ್ವಕ್ಕೆ ಹರಿಯುತ್ತಿದ್ದರೆ ಅದರೊಳಗಿನ ವಿಮಾನವೂ ಪೂರ್ವಕ್ಕೆ ಸಾಗುತ್ತದೆ. ಗಾಳಿಯ ಲೆಕ್ಕದ ವೇಗ ಗಂಟೆಗೆ 800 ಕಿಲೋಮೀಟರ್ ಇದ್ದು, ಬೆನ್ನಿಗೆ 160 ಕಿಲೋಮೀಟರ್ ಗಾಳಿ ಬಂದರೆ ನೆಲದ ಲೆಕ್ಕದಲ್ಲಿ ನಾವು 960ರಲ್ಲಿ ಹೋಗುತ್ತೇವೆ. ಅದೇ ಗಾಳಿ ಎದುರಾದರೆ 640ರಲ್ಲಿ ತೆವಳುತ್ತೇವೆ. ಎರಡೂ ಸಲ ಎಂಜಿನ್ ಪಟ್ಟ ಶ್ರಮ ಒಂದೇ.

ಇಲ್ಲೊಂದು ಮೋಜಿನ ಲೆಕ್ಕವಿದೆ. ಬರುವಾಗ ಸಿಕ್ಕ ಲಾಭ, ಹೋಗುವಾಗ ಆದ ನಷ್ಟ ಎರಡೂ ಸರಿಹೋಗುತ್ತದೆ ಎಂದು ನಾವೂ ಎಣಿಸಿದ್ದೆವು. ಸರಿಹೋಗುವುದಿಲ್ಲ! ದುಬೈ-ಮಂಗಳೂರಿನ ನೇರ ದೂರ ಸುಮಾರು 2,450 ಕಿಲೋಮೀಟರ್. ಲೆಕ್ಕಕ್ಕೆ ಸುಲಭವಾಗಲೆಂದು 2,400 ಎನ್ನೋಣ. ಗಾಳಿಯೇ ಇಲ್ಲದಿದ್ದರೆ 800ರ ವೇಗದಲ್ಲಿ ಬರಲು ಮೂರು ಗಂಟೆ, ಹೋಗಲು ಮೂರು ಗಂಟೆ, ಒಟ್ಟು ಆರು. 160ರ ಗಾಳಿಯಲ್ಲಿ ಬರಲು ಎರಡೂವರೆ ಗಂಟೆ, ಹೋಗಲು ಮೂರೂಮುಕ್ಕಾಲು ಗಂಟೆ. ಒಟ್ಟು ಆರೂಕಾಲು. ಎದುರುಗಾಳಿ ಕಾಡುವ ಹೊತ್ತು ಹೆಚ್ಚು, ಹಿಂಗಾಳಿ ನೆರವಾಗುವ ಹೊತ್ತು ಕಡಿಮೆ. ಹಾಗಾಗಿ ಗಾಳಿ ಯಾವ ಕಡೆ ಬೀಸಿದರೂ ಹೋಗಿ ಬರುವ ಪ್ರಯಾಣದ ಒಟ್ಟು ಲೆಕ್ಕದಲ್ಲಿ ವಿಮಾನಕ್ಕೆ ನಷ್ಟವೇ. ಲೆಡ್ಜರಿನಲ್ಲಿ ಇಂಥ ಕಾಲು ಗಂಟೆ ಕಂಡರೆ ನಾವು ಕ್ಲರ್ಕನ್ನು ಕರೆದು ವಿಚಾರಿಸುತ್ತಿದ್ದೆವು.

ಇಷ್ಟು ಬಲದ ಗಾಳಿ ಎಲ್ಲಿಂದ ಬರುತ್ತದೆ? ಹತ್ತು-ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ, ಅಂದರೆ ನಮ್ಮ ವಿಮಾನಗಳು ಹಾರುವಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಹೊಳೆಯಂತೆ ಹರಿಯುವ ಗಾಳಿ ಇದೆ. ಅದನ್ನೇ ಜೆಟ್ ಸ್ಟ್ರೀಮ್ ಎನ್ನುತ್ತಾರೆ. ಜಪಾನಿನ ವಾಸಾಬುರೊ ಓಯಿಶಿ ಎಂಬ ಹವಾಮಾನ ತಜ್ಞರು 1920ರ ದಶಕದಲ್ಲೇ ಬಲೂನು ಹಾರಿಸಿ ಇದನ್ನು ಅಳೆದಿದ್ದರು. ಜಗತ್ತಿಗೆಲ್ಲ ತಿಳಿಯಲಿ ಎಂದು ವರದಿಯನ್ನು ಎಸ್ಪೆರಾಂಟೊ ಭಾಷೆಯಲ್ಲಿ ಬರೆದರು, ಓದಿದವರೇ ಕಡಿಮೆ. ಎರಡನೇ ಮಹಾಯುದ್ಧದಲ್ಲಿ ಜಪಾನಿನ ಮೇಲೆ ಹಾರಿದ ಅಮೆರಿಕದ ಬಾಂಬರ್‌ಗಳು ಆ ಗಾಳಿಗೆ ಸಿಕ್ಕು ತತ್ತರಿಸಿದ ಮೇಲೆಯೇ ಉಳಿದವರಿಗೆ ಅದರ ಬಲ ಅರ್ಥವಾದದ್ದು. 2020ರ ಫೆಬ್ರುವರಿಯಲ್ಲಿ ಇಂಥದೇ ಗಾಳಿಯ ಬೆನ್ನೇರಿ ಒಂದು ಪ್ರಯಾಣಿಕ ವಿಮಾನ ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ಹೋಗಿತ್ತು. ನೆಲದ ಲೆಕ್ಕದಲ್ಲಿ ಅದರ ವೇಗ ಗಂಟೆಗೆ 1,300 ಕಿಲೋಮೀಟರ್ ದಾಟಿತ್ತು. ಆದರೂ ಅದು ಶಬ್ದದ ವೇಗ ಮೀರಿದ ಹಾಗಲ್ಲ, ಏಕೆಂದರೆ ಸುತ್ತಲಿನ ಗಾಳಿಯೊಳಗೆ ಅದು ಎಂದಿನ ವೇಗದಲ್ಲೇ ಇತ್ತು.

ಚಳಿಗಾಲದಲ್ಲಿ ಈ ಹೊಳೆ ದಕ್ಷಿಣಕ್ಕೆ ಸರಿದು ಕೊಲ್ಲಿ ದೇಶಗಳ ಮತ್ತು ಉತ್ತರ ಭಾರತದ ಮೇಲೆ ಹರಿಯುತ್ತದೆ. ಡಿಸೆಂಬರ್, ಜನವರಿಯಲ್ಲಿ ರಜೆ ಮುಗಿಸಿ ಕೊಲ್ಲಿಗೆ ಮರಳುವವರಿಗೆ ಪ್ರಯಾಣ ಮುಗಿಯುವುದೇ ಇಲ್ಲ ಅನಿಸುವುದು ಇದಕ್ಕೇ. ವಿಮಾನ ಕಂಪನಿಗಳಿಗೂ ಇದು ಗೊತ್ತು. ಅಕ್ಟೋಬರ್ ಕೊನೆಯ ಭಾನುವಾರದಿಂದ ಒಂದು, ಮಾರ್ಚ್ ಕೊನೆಯ ಭಾನುವಾರದಿಂದ ಇನ್ನೊಂದು ವೇಳಾಪಟ್ಟಿ ಬರುತ್ತದಲ್ಲ, ಅದರಲ್ಲಿ ಹೋಗುವ ಹೊತ್ತು ಬೇರೆ, ಬರುವ ಹೊತ್ತು ಬೇರೆ ಎಂದು ಮೊದಲೇ ಸೇರಿಸಿರುತ್ತಾರೆ.

ಅಂಬಿಗನ ಲೆಕ್ಕ

ಎದುರು ಬಂದದ್ದು, ಬೆನ್ನಿಗೆ ಬಂದದ್ದು ಸಮಯ ಹೆಚ್ಚು ಕಡಿಮೆ ಮಾಡುತ್ತದೆ ಅಷ್ಟೇ. ದಾರಿ ತಪ್ಪಿಸುವುದು ಪಕ್ಕದಿಂದ ಬೀಸುವ ಗಾಳಿ. ನಾವು ಚಿಕ್ಕವರಿದ್ದಾಗ ಊರಿನ ಕಡವಿನಲ್ಲಿ ಹೊಳೆ ದಾಟಿ ಶಾಲೆಗೆ ಹೋಗುತ್ತಿದ್ದೆವು. ಎದುರು ದಡದ ಕಟ್ಟೆಗೆ ಹೋಗಬೇಕಿದ್ದರೂ ಅಂಬಿಗ ದೋಣಿಯ ಮೂತಿಯನ್ನು ಅದಕ್ಕಿಂತ ಮೇಲಕ್ಕೆ, ನೀರು ಬರುವ ಕಡೆಗೆ, ತಿರುಗಿಸಿ ಹುಟ್ಟು ಹಾಕುತ್ತಿದ್ದ. ಮಳೆಗಾಲದಲ್ಲಿ ಇನ್ನಷ್ಟು ಮೇಲಕ್ಕೆ. ದೋಣಿ ಓರೆಯಾಗಿ ನಿಂತು ನೇರವಾಗಿ ಕಟ್ಟೆ ಸೇರುತ್ತಿತ್ತು. ಆಕಾಶದಲ್ಲಿ ಪೈಲಟ್ ಮಾಡುವುದೂ ಇದನ್ನೇ: ಮೂತಿ ಒಂದು ದಿಕ್ಕಿಗೆ, ಪಯಣ ಇನ್ನೊಂದು ದಿಕ್ಕಿಗೆ.

ಹಾಗೆ ಮಾಡದಿದ್ದರೆ? ದುಬೈಯಿಂದ ಮಂಗಳೂರಿಗೆ ನೇರ ಗುರಿ ಇಟ್ಟು ಹೊರಟೆವು, ದಾರಿಯುದ್ದಕ್ಕೂ ನೈರುತ್ಯದಿಂದ ಗಂಟೆಗೆ 70 ಕಿಲೋಮೀಟರ್ ಗಾಳಿ ಪಕ್ಕಕ್ಕೆ ಬಡಿಯಿತು ಎಂದುಕೊಳ್ಳಿ. ಮೂರು ಗಂಟೆಯಲ್ಲಿ 210 ಕಿಲೋಮೀಟರ್ ಎಡಕ್ಕೆ ಸರಿದಿರುತ್ತೇವೆ. ಭೂಪಟದಲ್ಲಿ ಗೆರೆ ಎಳೆದು ನೋಡಿದರೆ ಅದು ದಾವಣಗೆರೆ! ಮೀನೂಟದ ಕನಸು ಕಾಣುತ್ತಾ ಹೊರಟವರು ಬೆಣ್ಣೆದೋಸೆಗೆ ತೃಪ್ತಿಪಡಬೇಕು. ಇದನ್ನು ತಪ್ಪಿಸಲು 800ರ ವೇಗದ ವಿಮಾನ ಮೂತಿಯನ್ನು ಬರೀ 5 ಡಿಗ್ರಿ ಬಲಕ್ಕೆ ತಿರುಗಿಸಿದರೆ ಸಾಕು. ನಿಮ್ಮ ಮೊಬೈಲಿನಲ್ಲಿ ವಿಮಾನದ ಚಿತ್ರ ಗೆರೆಯ ಮೇಲೆ ನೇರವಾಗಿ ಸಾಗುತ್ತಿದ್ದಂತೆ ಕಂಡರೂ ಒಳಗೆ ಕುಳಿತ ನಾವು ಸ್ವಲ್ಪ ಓರೆಯಾಗಿಯೇ ಊರಿಗೆ ಬರುತ್ತಿರುತ್ತೇವೆ.

ಈಗ ಇದನ್ನೆಲ್ಲ ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಗಾಳಿಯೊಳಗೆ ನಮ್ಮ ವೇಗ ಎಷ್ಟು, ಉಪಗ್ರಹದ ಲೆಕ್ಕದಲ್ಲಿ ನೆಲದ ಮೇಲೆ ವೇಗ ಎಷ್ಟು ಎಂದು ಹೋಲಿಸಿ, ಎರಡರ ವ್ಯತ್ಯಾಸವೇ ಗಾಳಿ ಎಂದು ಕ್ಷಣಕ್ಷಣಕ್ಕೂ ಪೈಲಟ್‌ಗೆ ಬಾಣದ ಗುರುತಿನಲ್ಲಿ ತೋರಿಸುತ್ತದೆ. ಹಿಂದೆ ಈ ಕೆಲಸಕ್ಕೆ ನ್ಯಾವಿಗೇಟರ್ ಎಂಬ ಒಬ್ಬ ಮನುಷ್ಯನೇ ಇರುತ್ತಿದ್ದ. ಅವನ ಲೆಕ್ಕ ತಪ್ಪಿದರೆ ಏನಾಗುತ್ತಿತ್ತು ಎಂಬುದಕ್ಕೆ 'ಲೇಡಿ ಬಿ ಗುಡ್' ಎಂಬ ಅಮೆರಿಕದ ಬಾಂಬರ್ ಸಾಕ್ಷಿ. 1943ರ ಏಪ್ರಿಲ್ 4ರ ರಾತ್ರಿ ಇಟಲಿಯ ನೇಪಲ್ಸ್ ಕಡೆಯಿಂದ ಲಿಬಿಯಾದ ತನ್ನ ನೆಲೆಗೆ ಮರಳುತ್ತಿತ್ತು. ಬೆನ್ನಿಗಿದ್ದ ಗಾಳಿ ಅಂದುಕೊಂಡದ್ದಕ್ಕಿಂತ ಬೇಗ ತಂದು ಮುಟ್ಟಿಸಿತ್ತು. ತಾವಿನ್ನೂ ಸಮುದ್ರದ ಮೇಲಿದ್ದೇವೆ ಎಂದುಕೊಂಡವರು ನೆಲೆಯನ್ನು ದಾಟಿ ಕತ್ತಲಲ್ಲಿ ಮರುಭೂಮಿಯ ಮೇಲೆ ಹಾರುತ್ತಲೇ ಹೋದರು. ಒಂಬತ್ತು ಜನರಲ್ಲಿ ಒಬ್ಬರೂ ಬದುಕಲಿಲ್ಲ. 1958ರಲ್ಲಿ ತೈಲ ಹುಡುಕಲು ಹೋದವರಿಗೆ ಆ ವಿಮಾನ ಕಂಡಾಗ ಅದು ನೆಲೆಯಿಂದ ಸುಮಾರು 700 ಕಿಲೋಮೀಟರ್ ಆಚೆ ಮರಳಿನಲ್ಲಿತ್ತು.

ಇಂದು ವಿಮಾನ ಹೊರಡುವ ಮೊದಲೇ ದಾರಿಯುದ್ದದ ಗಾಳಿ ಎಲ್ಲೆಲ್ಲಿ, ಯಾವ ಎತ್ತರದಲ್ಲಿ ಎಷ್ಟು ಎಂಬ ಮುನ್ಸೂಚನೆ ಪೈಲಟ್ ಕೈಯಲ್ಲಿರುತ್ತದೆ. ಇದನ್ನು ಇಡೀ ಜಗತ್ತಿಗೆ ಒದಗಿಸುವ ಕೇಂದ್ರಗಳು ಎರಡು, ಒಂದು ಲಂಡನ್, ಇನ್ನೊಂದು ವಾಷಿಂಗ್ಟನ್. ಆ ಲೆಕ್ಕಕ್ಕೆ ಬೇಕಾದ ಅಳತೆಗಳಲ್ಲಿ ಒಂದು ಭಾಗ ಬಲೂನುಗಳಿಂದ ಬರುತ್ತದೆ. ನಮ್ಮ ಸಮಯ ಬೆಳಗ್ಗೆ 5.30 ಮತ್ತು ಸಂಜೆ 5.30ರ ಲೆಕ್ಕಕ್ಕೆ ಜಗತ್ತಿನಾದ್ಯಂತ ಒಂದೇ ಹೊತ್ತಿಗೆ ಹವಾಮಾನ ಬಲೂನು ಹಾರಿಸುವ ಪದ್ಧತಿ ಇದೆ. ನಮ್ಮ ಪಣಂಬೂರಿನಲ್ಲೂ ಅಂಥ ಕೇಂದ್ರ ಇದೆ ಎಂದು ತಿಳಿದಾಗ ನಮಗೆ ಏನೋ ಒಂದು ಹೆಮ್ಮೆ.

ಗಾಳಿ ನೋಡಿಯೇ ಇಂಧನ ತುಂಬಿಸುತ್ತಾರೆ. ದಾರಿಗೆ ಬೇಕಾದಷ್ಟು; ಮುನ್ಸೂಚನೆ ತಪ್ಪಿದರೆ ಎಂದು ಅದರ ಮೇಲೆ ಸಾಮಾನ್ಯವಾಗಿ ಶೇ 5; ಇಳಿಯಲಾಗದಿದ್ದರೆ ಇನ್ನೊಂದು ನಿಲ್ದಾಣಕ್ಕೆ ಹೋಗುವಷ್ಟು; ಎಲ್ಲದರ ಕೊನೆಗೆ ಅರ್ಧ ಗಂಟೆ ಸುತ್ತು ಹಾಕುವಷ್ಟು, ಮುಟ್ಟಬಾರದ ಠೇವಣಿಯಂತೆ. ನಮ್ಮ ವೃತ್ತಿಯಲ್ಲಿ ಪ್ರಾವಿಷನ್ ಎನ್ನುತ್ತೇವೆ. ಎಷ್ಟೋ ಕಂಪನಿಗಳ ಮಾಲೀಕರಿಗೆ ಇದರ ಅಗತ್ಯ ತಿಳಿಹೇಳಿ ಸೋತ ನಮಗೆ ಪೈಲಟ್‌ಗಳ ಮೇಲೆ ಗೌರವ ಹೆಚ್ಚಾದದ್ದು ಇಲ್ಲಿ.

ಅಪ್ಪನ ವರ್ಷಾಂತಿಕದ ದಿನ

ಈ ಎಲ್ಲ ಓದಿಗೆ ನಿಜವಾದ ಕಾರಣ ಒಂದು ಜುಲೈ ರಾತ್ರಿ. ಅಪ್ಪ ತೀರಿಕೊಂಡು ವರ್ಷ ತುಂಬಿತ್ತು. ತಿಥಿಗೆ ಸರಿಯಾಗಿ ಬೆಳಗ್ಗೆ ಮನೆ ಸೇರುವಂತೆ ಹಿಂದಿನ ರಾತ್ರಿಯ ವಿಮಾನಕ್ಕೆ ನಾಲ್ವರೂ ಹೊರಟಿದ್ದೆವು. ಒಬ್ಬನೇ ಮಗ, ಕೂರಬೇಕಾದವರು ನಾವೇ. ಒಂದು ದಿನ ಮೊದಲೇ ಬರುವುದು ಬಿಟ್ಟು ರಜೆ ಉಳಿಸಲು ಹೋದದ್ದು ನಮ್ಮದೇ ತಪ್ಪು, ಒಪ್ಪುತ್ತೇವೆ.

ನಸುಕಿನಲ್ಲಿ ಮಂಗಳೂರಿನ ಮೇಲೆ ಬಂದೆವು. ಮಳೆ, ಕುಲುಕಾಟ. ಬಜಪೆಯ ದೀಪಗಳು ಕಾಣಿಸಿದವು, ಇನ್ನೇನು ಚಕ್ರ ನೆಲ ಮುಟ್ಟಬೇಕು ಎನ್ನುವಾಗ ಎಂಜಿನ್ ಗುಡುಗಿ ವಿಮಾನ ಮತ್ತೆ ಮೇಲಕ್ಕೆದ್ದಿತು. ಸ್ವಲ್ಪ ಹೊತ್ತು ಸುತ್ತು ಹಾಕಿದ ಮೇಲೆ ಕ್ಯಾಪ್ಟನ್ ಹೇಳಿದರು, ಅಡ್ಡಗಾಳಿ ಮಿತಿ ಮೀರಿದೆ, ಬೆಂಗಳೂರಿಗೆ ಹೋಗುತ್ತಿದ್ದೇವೆ ಎಂದು. ನಮ್ಮ ಪಕ್ಕದಲ್ಲಿ ಬೆಳ್ತಂಗಡಿ ಕಡೆಯ ಒಬ್ಬ ಹುಡುಗ ಇದ್ದ. ವೆಲ್ಡಿಂಗ್ ಕೆಲಸ, 21 ದಿನಗಳ ರಜೆ, ಹುಟ್ಟಿ ಎರಡು ತಿಂಗಳಾದ ಮಗುವನ್ನು ಮೊದಲ ಸಲ ನೋಡಲು ಹೊರಟವನು. "ಕಣ್ಣಿಗೆ ಕಾಣುತ್ತಿತ್ತಲ್ಲ ಸಾರ್ ರನ್‌ವೇ! ಇಳಿಸಲಿಕ್ಕೆ ಇವರಿಗೆ ಎಂತ ಕಷ್ಟ?" ಎಂದು ಸಿಟ್ಟಾದ. ನಮಗೂ ಸಿಟ್ಟೇ ಬಂದಿತ್ತು. ಬೆಂಗಳೂರಿನಲ್ಲಿ ವಿಮಾನದೊಳಗೇ ಗಂಟೆಗಟ್ಟಲೆ ಕೂರಿಸಿ ಒಂದು ಲೋಟ ನೀರು ಕೊಡಲೂ ತಡಮಾಡಿದವರ ಮೇಲಿನ ಸಿಟ್ಟು ಈಗಲೂ ಇದೆ. ಪೈಲಟ್ ಮೇಲಿನದ್ದು ಮಾತ್ರ ಆಮೇಲೆ ಇಳಿಯಿತು.

ಕಾರಣ ಹೀಗಿದೆ. ರನ್‌ವೇಗೆ ದಿಕ್ಸೂಚಿಯ ಲೆಕ್ಕದಲ್ಲಿ ಹೆಸರಿಡುತ್ತಾರೆ. ಮಂಗಳೂರಿನದ್ದು ಒಂದು ಕಡೆಯಿಂದ 06, ಇನ್ನೊಂದು ಕಡೆಯಿಂದ 24, ಅಂದರೆ ಸುಮಾರು 60 ಮತ್ತು 240 ಡಿಗ್ರಿ. ಗಾಳಿ ಎದುರು ಬರುವ ಕಡೆಯಿಂದ ಇಳಿಯುವುದು ನಿಯಮ. ಗಂಟೆಗೆ 260 ಕಿಲೋಮೀಟರ್ ವೇಗದಲ್ಲಿ ಇಳಿಯುವ ವಿಮಾನಕ್ಕೆ 30ರ ಎದುರುಗಾಳಿ ಇದ್ದರೆ ನೆಲ ಮುಟ್ಟುವ ವೇಗ 230. ಅದೇ ಹಿಂದಿನಿಂದ ಬಂದರೆ 290. ಬ್ರೇಕ್ ನುಂಗಬೇಕಾದ ಶಕ್ತಿ ಆಗ ಒಂದೂವರೆ ಪಟ್ಟಿಗೂ ಹೆಚ್ಚು. ಅದಕ್ಕೇ ಹಿಂಗಾಳಿಗೆ ಬಹಳಷ್ಟು ಜೆಟ್‌ಗಳಲ್ಲಿ 10 ಅಥವಾ 15 ನಾಟ್ ಮಿತಿ. ಒಂದು ನಾಟ್ ಎಂದರೆ ಗಂಟೆಗೆ 1.85 ಕಿಲೋಮೀಟರ್. ದುಬೈಯಲ್ಲೂ ಇದೇ ಕಥೆ. ಅಲ್ಲಿ ಶಮಾಲ್ ಎಂಬ ವಾಯುವ್ಯದ ಗಾಳಿ ಹೆಚ್ಚು, ರನ್‌ವೇಗಳೂ ಅದಕ್ಕೆ ಮುಖಮಾಡಿ ವಾಯುವ್ಯ-ಆಗ್ನೇಯವಾಗಿ ಮಲಗಿವೆ.

ಆದರೆ ಗಾಳಿ ರನ್‌ವೇಯ ಉದ್ದಕ್ಕೇ ಬೀಸಬೇಕೆಂದಿಲ್ಲ. ರನ್‌ವೇಗೆ 30 ಡಿಗ್ರಿ ಓರೆಯಾಗಿ ಬಂದರೆ ಅದರ ಅರ್ಧ ಬಲ ಅಡ್ಡಗಾಳಿ. 60 ಡಿಗ್ರಿಯಾದರೆ ಹೆಚ್ಚುಕಡಿಮೆ ಪೂರ್ತಿ. ರನ್‌ವೇ ಒದ್ದೆಯಾಗಿದ್ದರೆ ತಡೆದುಕೊಳ್ಳಬಹುದಾದ ಅಡ್ಡಗಾಳಿಯ ಮಿತಿ ಇನ್ನೂ ಇಳಿಯುತ್ತದೆ. ಮಂಗಳೂರಿನದ್ದು 2,450 ಮೀಟರಿನ ಟೇಬಲ್‌ಟಾಪ್ ರನ್‌ವೇ, ತುದಿಯಲ್ಲಿ ಕಣಿವೆ. ಕಣ್ಣಿಗೆ ಕಾಣುವುದಕ್ಕೂ ಇಳಿಯಬಹುದು ಎನ್ನುವುದಕ್ಕೂ ಸಂಬಂಧವೇ ಇಲ್ಲ.

ಕರಾವಳಿಯವರಿಗೆ 2010ರ ಮೇ 22ನ್ನು ನೆನಪಿಸಬೇಕಿಲ್ಲ. ದುಬೈಯಿಂದ ಹೊರಟ ವಿಮಾನ ಅದು. 158 ಜನ ಹೋದರು. ಆ ಬೆಳಗ್ಗೆ ಗಾಳಿಯ ತಪ್ಪು ಇರಲಿಲ್ಲ. ಹಾದಿ ಸರಿ ಇಲ್ಲದಿದ್ದರೂ ಇಳಿತ ಕೈಬಿಟ್ಟು ಮತ್ತೆ ಮೇಲೇರದೆ ಹೋದದ್ದು ಮುಖ್ಯ ಕಾರಣ ಎಂದು ತನಿಖೆ ಹೇಳಿತು. 2020ರ ಆಗಸ್ಟ್ 7ರಂದು ದುಬೈಯಿಂದಲೇ ಕೋಯಿಕ್ಕೋಡಿಗೆ ಬಂದ ವಿಮಾನದಲ್ಲಿ ಮಾತ್ರ ಗಾಳಿಗೂ ಪಾತ್ರವಿತ್ತು: ಮಳೆ, ಒದ್ದೆ ನೆಲ, ಹಿಂಗಾಳಿ. ರನ್‌ವೇಯ ಸುಮಾರು ಅರ್ಧ ಮುಗಿದ ಮೇಲೆ ಚಕ್ರ ನೆಲ ಮುಟ್ಟಿತು. ಇಬ್ಬರು ಪೈಲಟ್‌ಗಳೂ ಸೇರಿ 21 ಜನ ಉಳಿಯಲಿಲ್ಲ. ಅದೂ ಟೇಬಲ್‌ಟಾಪ್.

ಆ ದಿನ ಬೆಂಗಳೂರಿನಿಂದ ಮತ್ತೆ ಹೊರಟದ್ದು ಬೆಳಗ್ಗೆ ಹತ್ತೂವರೆಗೆ. ಗಾಳಿ ಇಳಿದಿತ್ತು, ನಿಂತಿರಲಿಲ್ಲ. ಕಿಟಕಿ ಪಕ್ಕ ಕುಳಿತಿದ್ದ ಮಗಳು ಕೆಳಗಿನ ತೆಂಗಿನ ತೋಟಗಳು ಓರೆಯಾಗಿ ಜಾರುವುದನ್ನು ನೋಡಿ, "ಅಪ್ಪಾ, ವಿಮಾನ ಏಡಿ ಥರ ಹೋಗ್ತಾ ಉಂಟು" ಎಂದಳು. ಪೈಲಟ್‌ಗಳು ಇಂಗ್ಲಿಷಿನಲ್ಲಿ ಇದಕ್ಕಿಟ್ಟ ಹೆಸರೂ ಏಡಿಯದ್ದೇ ಎಂದು ನಮಗೆ ಗೊತ್ತಾದದ್ದು ಆಮೇಲೆ. ಇಳಿಯುವಾಗ ವೇಗ ಕಡಿಮೆ ಇರುವುದರಿಂದ ಓರೆ ಇನ್ನೂ ಹೆಚ್ಚು ಬೇಕು. 250ರ ವೇಗಕ್ಕೆ 40ರ ಅಡ್ಡಗಾಳಿ ಇದ್ದರೆ ಸುಮಾರು 9 ಡಿಗ್ರಿ. ಚಕ್ರ ತಾಗುವ ಗಳಿಗೆಯಲ್ಲಿ ಪೈಲಟ್ ಪಾದದಿಂದ ರಡ್ಡರ್ ಒತ್ತಿ ಮೂತಿಯನ್ನು ರನ್‌ವೇಗೆ ನೇರ ಮಾಡುತ್ತಾರೆ, ಗಾಳಿ ಬರುವ ಕಡೆಯ ರೆಕ್ಕೆಯನ್ನು ತುಸು ತಗ್ಗಿಸುತ್ತಾರೆ. ಒಂದು ಕಡೆಯ ಚಕ್ರ ಮೊದಲು, ಇನ್ನೊಂದು ಆಮೇಲೆ ಧಡ್ ಎನ್ನುತ್ತದೆ. ಅದು ಕೆಟ್ಟ ಇಳಿತವಲ್ಲ, ಬೇಕೆಂದೇ ಮಾಡಿದ್ದು. ಬೆಳ್ತಂಗಡಿಯ ಹುಡುಗ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ.

ಮನೆ ತಲುಪುವಾಗ ಗಂಟೆ ಒಂದು ದಾಟಿತ್ತು. ಅಮ್ಮ ಜಗಲಿಯಲ್ಲೇ ನಿಂತಿದ್ದರು. ಭಟ್ಟರು, "ಶ್ರಾದ್ಧಕ್ಕೆ ಅಪರಾಹ್ಣವೇ ಕಾಲ, ಗಾಬರಿ ಬೇಡ. ಮೊದಲು ಸ್ನಾನ ಮಾಡಿ ಬನ್ನಿ" ಎಂದರು. ತಿಥಿ ತಪ್ಪಲಿಲ್ಲ.

ಮಳೆಗಾಲದಲ್ಲಿ ಮದುವೆಗೋ ತಿಥಿಗೋ ಬರುವವರು ಒಂದು ದಿನ ಕೈಯಲ್ಲಿಟ್ಟುಕೊಂಡೇ ಹೊರಡಿ. ಕರೆದೊಯ್ಯಲು ಕಾರು ತರುವವರು ಟಿಕೆಟಿನಲ್ಲಿರುವ ಹೊತ್ತನ್ನಲ್ಲ, ಆ ದಿನದ ಅಂದಾಜು ಹೊತ್ತನ್ನು ನೋಡಿ ಹೊರಡಿ. ಮೊಬೈಲಿನಲ್ಲಿ ವಿಮಾನ ಕಡಲ ಮೇಲೆ ಸುತ್ತು ಹಾಕುವುದು ಕಂಡರೆ ಹೆದರಬೇಡಿ. ಸುತ್ತು ಹಾಕಲೆಂದೇ ಇಂಧನ ತಂದಿರುತ್ತಾರೆ.

ಹತ್ತು ದಿನ ಬಿಟ್ಟು ನಾವು ದುಬೈಗೆ ಮರಳಿದೆವು. ಆ ಸಲ ವಿಮಾನ ನಿಗದಿಗಿಂತ ಇಪ್ಪತ್ತು ನಿಮಿಷ ಮೊದಲೇ ಇಳಿಯಿತು. ಮುಂಗಾರಿನ ತಿಂಗಳುಗಳಲ್ಲಿ ದಕ್ಷಿಣ ಭಾರತದ ಮೇಲೆ, ತೀರಾ ಎತ್ತರದಲ್ಲಿ, ಗಾಳಿ ಉಲ್ಟಾ ಹರಿಯುತ್ತದೆ, ಪೂರ್ವದಿಂದ ಪಶ್ಚಿಮಕ್ಕೆ. ಇದನ್ನು 1958ರಲ್ಲಿ ವಿವರವಾಗಿ ಬರೆದವರು ನಮ್ಮವರೇ ಆದ ಹವಾಮಾನ ತಜ್ಞ ಪಿ. ಕೋಟೇಶ್ವರಂ. ಕೆಳಗೆ ನೈರುತ್ಯದಿಂದ ಮಳೆ ತರುವ ಗಾಳಿ, ಮೇಲೆ ಅದಕ್ಕೆ ಎದುರಾಗಿ ಪೂರ್ವದ ಜೆಟ್. ಅದರ ಅಂಚು ನಮ್ಮ ವಿಮಾನದ ಎತ್ತರಕ್ಕೂ ಸಿಗುತ್ತದೆ. ಬರುವಾಗ ತಡೆದ ಮುಂಗಾರೇ ಹೋಗುವಾಗ ಬೆನ್ನು ತಟ್ಟಿ ಕಳುಹಿಸಿತ್ತು.

ಇದನ್ನೆಲ್ಲ ಅಮ್ಮನಿಗೆ ಫೋನಿನಲ್ಲಿ ವಿವರಿಸಿದೆವು. ಅವರು ಕ್ಯಾಲೆಂಡರಿನಲ್ಲಿ ಹೊತ್ತು ಬರೆದುಕೊಳ್ಳುತ್ತಾ, "ಹಾಗಾದರೆ ಈ ಸಲ ಮೂರೂವರೆಯೇ?" ಎಂದು ಕೇಳಿದರು. ಹೌದೆಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇನ್ನು ಮುಂದೆ ಡಿಸೆಂಬರಿನಲ್ಲೇ ಬನ್ನಿ" ಎಂದರು.